ತಂಪಿನ ಪಂಚಾಂಗ: ಏ.ಸಿ. ಯಂತ್ರದ ಗ್ಯಾಸೂ ಅದರ ಲೆಕ್ಕವೂ

ಪಂಚಾಂಗವನ್ನು ನೋಡುವವರೆಲ್ಲರೂ ಗ್ರಹಗತಿಗಳನ್ನು ಗಣಿಸಬಲ್ಲವರಲ್ಲ. ಗಣಿತವನ್ನು ಬಲ್ಲವರು ಶ್ರಮಪಟ್ಟು ಕೋಷ್ಟಕಗಳನ್ನು ಕಟ್ಟಿಕೊಟ್ಟಿರುವರು. ಗೃಹಸ್ಥನು ಹಾಳೆಯನ್ನು ತಿರುವಿ, ಆ ದಿನದ ಸಾಲನ್ನು ಓದಿ, ತನಗೆ ಬೇಕಾದುದನ್ನು ತಿಳಿದುಕೊಳ್ಳುವನು. ಕೋಣೆಯನ್ನು ತಂಪುಮಾಡುವ ಏ.ಸಿ. ಯಂತ್ರಕ್ಕೂ ಇಂತಹುದೇ ಒಂದು ಪಂಚಾಂಗವುಂಟು. ಯಂತ್ರದೊಳಗೆ ಸುತ್ತುವ ದ್ರವ್ಯವು ಯಾವ ಉಷ್ಣತೆಯಲ್ಲಿ ಎಷ್ಟು ಒತ್ತಡದಿಂದಿರುವುದು, ಎಷ್ಟು ಸ್ಥಳವನ್ನು ಹಿಡಿಯುವುದು, ಎಷ್ಟು ಶಾಖವನ್ನು ಹೊತ್ತಿರುವುದು ಎಂಬುದನ್ನು ಅದು ಸಾಲುಸಾಲಾಗಿ ಹೇಳುವುದು. ಎಂಜಿನಿಯರುಗಳು ಕಂಪ್ರೆಸರಿನ ಅಳತೆಯನ್ನು ನಿರ್ಣಯಿಸುವುದು ಇದರ ಬಲದಿಂದಲೇ.

ಗೃಹಸ್ಥನಿಗೆ ಇದರಿಂದೇನಾಗಬೇಕೆಂದು ಕೆಲವರು ಕೇಳಬಹುದು. ಏ.ಸಿ. ಎಂಬುದು ಈಗ ಸಿರಿವಂತರ ಮನೆಯ ವಸ್ತುವಾಗಿ ಮಾತ್ರ ಉಳಿದಿಲ್ಲ. ಸಾಲಮಾಡಿಯಾದರೂ ಅದನ್ನು ಕೊಂಡು, ಬೇಸಗೆಯ ತಿಂಗಳುಗಳಲ್ಲಿ ವಿದ್ಯುತ್ತಿನ ಬಿಲ್ಲನ್ನು ಕಂಡು ನಿಟ್ಟುಸಿರುಬಿಡುವ ಸಂಸಾರಗಳು ಬಹಳ. ಹೊರಗಿನ ಪೆಟ್ಟಿಗೆಯನ್ನು ಎಲ್ಲಿಟ್ಟರೇನೆಂದು ಉದಾಸೀನ ಮಾಡುವವರೂ, ಹದಿನೆಂಟು ಡಿಗ್ರಿಗೆ ತಿರುಗಿಸಿದರೆ ಬೇಗ ತಂಪಾಗುವುದೆಂದು ನಂಬಿದವರೂ, ವರ್ಷಕ್ಕೊಮ್ಮೆ “ಗ್ಯಾಸು ಮುಗಿದಿದೆ” ಎಂಬ ಮಾತಿಗೆ ತಲೆದೂಗಿ ಹಣ ತೆರುವವರೂ ನಮ್ಮಲ್ಲಿ ಅನೇಕರಿರುವರು. ಈ ಮೂರಕ್ಕೂ ಉತ್ತರವು ಆ ಕೋಷ್ಟಕದ ನಾಲ್ಕು ಸಾಲುಗಳಲ್ಲಿದೆ. ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕವನ್ನು ಬಲ್ಲ ಯಾರಾದರೂ ಅದನ್ನು ತಿಳಿಯಬಹುದು.

೧. ತಂಪು ಹುಟ್ಟುವ ಬಗೆ

ಮಣ್ಣಿನ ಹೂಜಿಯಲ್ಲಿಟ್ಟ ನೀರು ತಂಪಾಗುವುದನ್ನು ಎಲ್ಲರೂ ಬಲ್ಲರು. ಹೂಜಿಯ ಹೊರಮೈಯಲ್ಲಿ ಜಿನುಗಿದ ತೇವವು ಆವಿಯಾಗುವುದು. ಆವಿಯಾಗುವುದಕ್ಕೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದ ಸೆಳೆದುಕೊಳ್ಳುವುದು. ದ್ರವವು ಆವಿಯಾಗುವಾಗ ಶಾಖವನ್ನು ನುಂಗುವುದು, ಆವಿಯು ಮರಳಿ ದ್ರವವಾಗುವಾಗ ಅದನ್ನು ಉಗುಳುವುದು. ಏ.ಸಿ. ಯಂತ್ರದ ಮರ್ಮವೆಲ್ಲವೂ ಈ ಒಂದು ನಿಯಮದಲ್ಲಿ ಅಡಗಿದೆ.

ಇನ್ನೊಂದು ಸಂಗತಿಯನ್ನು ಅಡಿಗೆಮನೆಯ ಪ್ರೆಶರ್ ಕುಕ್ಕರು ಕಲಿಸುವುದು. ತೆರೆದ ಪಾತ್ರೆಯಲ್ಲಿ ನೂರು ಡಿಗ್ರಿಗೆ ಕುದಿಯುವ ನೀರು, ಕುಕ್ಕರಿನೊಳಗೆ ಒತ್ತಡ ಹೆಚ್ಚಿದುದರಿಂದ ಸುಮಾರು ನೂರಿಪ್ಪತ್ತು ಡಿಗ್ರಿಯವರೆಗೆ ಏರಿದ ಮೇಲೆ ಕುದಿಯುವುದು. ಒತ್ತಡವನ್ನು ಹೆಚ್ಚಿಸಿದರೆ ಕುದಿಯುವ ಉಷ್ಣತೆಯೂ ಏರುವುದು. ಕಡಮೆ ಮಾಡಿದರೆ ಇಳಿಯುವುದು. ಹಾಗಾದರೆ ಒಂದೇ ದ್ರವ್ಯವನ್ನು ಕೋಣೆಯೊಳಗೆ ಕಡಮೆ ಒತ್ತಡದಲ್ಲಿಟ್ಟು ತಣ್ಣಗೆ ಕುದಿಸಬಹುದು. ಅದರ ಆವಿಯನ್ನು ಹೊರಗೆ ಒಯ್ದು ಒತ್ತಿ, ಬಿಸಿಗಾಳಿಯಲ್ಲಿಯೂ ದ್ರವವನ್ನಾಗಿ ಮಾಡಬಹುದು. ಹೀಗೆ ಒಳಗೆ ನುಂಗಿದ ಶಾಖವನ್ನು ಹೊರಗೆ ಉಗುಳಿಸಬಹುದಾಯಿತು. ಈ ಕ್ರಮದಲ್ಲಿ ಈಥರ್ ದ್ರವವನ್ನು ಸುತ್ತಿಸುವ ಯಂತ್ರಕ್ಕೆ ಜೇಕಬ್ ಪರ್ಕಿನ್ಸ್ ಎಂಬುವನು ೧೮೩೪ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟನ್ನು ಪಡೆದನು. ಇಂದಿನ ಏ.ಸಿ.ಯೂ ಫ್ರಿಜ್ಜೂ ಆ ಯಂತ್ರದ ಸಂತಾನವೇ.

ಯಂತ್ರದಲ್ಲಿ ನಾಲ್ಕು ಘಟ್ಟಗಳು. ಕೋಣೆಯೊಳಗಣ ಸುರುಳಿಕೊಳವೆಯಲ್ಲಿ ದ್ರವವು ಕುದಿದು ಆವಿಯಾಗಿ ಶಾಖವನ್ನು ಹೀರುವುದು. ಕಂಪ್ರೆಸರು ಆ ಆವಿಯನ್ನು ಎಳೆದುಕೊಂಡು ಒತ್ತುವುದು. ಹೊರಗಣ ಸುರುಳಿಯಾದ ಕಂಡೆನ್ಸರಿನಲ್ಲಿ ಒತ್ತಲ್ಪಟ್ಟ ಆವಿಯು ಗಾಳಿಗೆ ಶಾಖವನ್ನು ಕೊಟ್ಟು ದ್ರವವಾಗುವುದು. ಕಡೆಗೆ ಆ ದ್ರವವು ಒಂದು ಸಪೂರವಾದ ಕೊಳವೆಯ ಅಥವಾ ಕವಾಟದ ಮೂಲಕ ಹಾದು, ಒತ್ತಡವನ್ನು ಕಳೆದುಕೊಂಡು, ಮತ್ತೆ ಒಳಗಣ ಸುರುಳಿಯನ್ನು ಸೇರುವುದು. ಹೀಗೆ ಸುತ್ತುವ ದ್ರವ್ಯಕ್ಕೆ ಶಾಸ್ತ್ರದಲ್ಲಿ ಶೀತಕವೆಂದು ಹೆಸರು. ಪೇಟೆಯಲ್ಲಿ ಅದನ್ನು ಗ್ಯಾಸು ಎನ್ನುವರು.

೨. ಕೋಷ್ಟಕವನ್ನು ಓದುವ ಕ್ರಮ

ಗ್ಯಾಸುಗಳಲ್ಲಿ ಹಲವು ಬಗೆಗಳುಂಟು; ಅವಕ್ಕೆ ಹೆಸರಿಗಿಂತ ಸಂಖ್ಯೆಯೇ ಗುರುತು. ನಾವು ಉದಾಹರಣೆಗಾಗಿ ಆರ್-೧೩೪ಎ ಎಂಬುದನ್ನು ತೆಗೆದುಕೊಳ್ಳುವೆವು. ಇದು ಮೋಟಾರು ಕಾರುಗಳ ಏ.ಸಿ.ಯಲ್ಲಿಯೂ ದೊಡ್ಡ ಕಟ್ಟಡಗಳ ತಂಪುಯಂತ್ರಗಳಲ್ಲಿಯೂ ಬಹಳವಾಗಿ ಬಳಕೆಗೆ ಬಂದುದು. ಪಾಠದ ಪುಸ್ತಕಗಳಲ್ಲಿ ಇದರ ಕೋಷ್ಟಕವು ಸಾಮಾನ್ಯವಾಗಿ ಇರುವುದು. ಮನೆಯ ಏ.ಸಿ.ಗಳಲ್ಲಿರುವ ಗ್ಯಾಸು ಬೇರೆಯಾದರೂ ಲೆಕ್ಕದ ಕ್ರಮವು ಒಂದೇ. ಈ ಗ್ಯಾಸಿನ ಗುಣಗಳನ್ನೆಲ್ಲ ಹೇಳುವ ಸಮೀಕರಣವನ್ನು ಜರ್ಮನಿಯ ಟಿಲ್ನರ್-ರೋತ್ ಮತ್ತು ಬೇರ್ ಎಂಬ ಇಬ್ಬರು ವಿದ್ವಾಂಸರು, ಅನೇಕ ಪ್ರಯೋಗಶಾಲೆಗಳ ಅಳತೆಗಳನ್ನು ಒಟ್ಟುಗೂಡಿಸಿ, ೧೯೯೪ರಲ್ಲಿ ಪ್ರಕಟಿಸಿದರು.

ಕೋಷ್ಟಕದಿಂದ ನಾಲ್ಕು ಸಾಲುಗಳನ್ನು ಆರಿಸಿ ಕೆಳಗೆ ಕೊಟ್ಟಿರುವೆವು. ಒತ್ತಡವು ಬಾರ್ ಎಂಬ ಮಾನದಲ್ಲಿದೆ. ಸಮುದ್ರದಂಡೆಯಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡವು ಹೆಚ್ಚುಕಡಮೆ ಒಂದು ಬಾರ್. ಗಾತ್ರವು ಒಂದು ಕಿಲೋಗ್ರಾಂ ಆವಿಯು ಹಿಡಿಯುವ ಲೀಟರುಗಳು. ಶಾಖವು ಒಂದು ಕಿಲೋಗ್ರಾಮಿಗೆ ಇಷ್ಟು ಕಿಲೋಜೂಲ್ ಎಂದು. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು ೪.೨ ಕಿಲೋಜೂಲ್ ಬೇಕು.

೦ ಡಿಗ್ರಿ: ಒತ್ತಡ ೨.೯೩, ಆವಿಯ ಗಾತ್ರ ೬೯.೩, ದ್ರವದ ಶಾಖ ೨೦೦.೦; ಆವಿಯ ಶಾಖ ೩೯೮.೬
೧೦ ಡಿಗ್ರಿ: ಒತ್ತಡ ೪.೧೫, ಆವಿಯ ಗಾತ್ರ ೪೯.೪, ದ್ರವದ ಶಾಖ ೨೧೩.೬, ಆವಿಯ ಶಾಖ ೪೦೪.೩
೪೦ ಡಿಗ್ರಿ: ಒತ್ತಡ ೧೦.೧೭, ಆವಿಯ ಗಾತ್ರ ೨೦.೦, ದ್ರವದ ಶಾಖ ೨೫೬.೪, ಆವಿಯ ಶಾಖ ೪೧೯.೪
೫೦ ಡಿಗ್ರಿ: ಒತ್ತಡ ೧೩.೧೮, ಆವಿಯ ಗಾತ್ರ ೧೫.೧, ದ್ರವದ ಶಾಖ ೨೭೧.೬, ಆವಿಯ ಶಾಖ ೪೨೩.೪

ಮೊದಲನೆಯ ಸಾಲಿನ ಅರ್ಥವೇನೆಂದರೆ, ೨.೯೩ ಬಾರ್ ಒತ್ತಡದಲ್ಲಿ ಈ ಗ್ಯಾಸು ಸೊನ್ನೆ ಡಿಗ್ರಿಗೆ ಕುದಿಯುವುದು. ದ್ರವದ ಶಾಖಕ್ಕೂ ಆವಿಯ ಶಾಖಕ್ಕೂ ಇರುವ ಅಂತರವೇ ಅದು ಕುದಿಯುವಾಗ ನುಂಗುವ ಶಾಖ. ಇಲ್ಲಿ ಶಾಖವೆಂದು ನಾವು ಬರೆದುದನ್ನು ಎಂಜಿನಿಯರುಗಳು ಎಂಥಾಲ್ಪಿ ಎಂದು ಕರೆಯುವರು. ಒತ್ತಡಕ್ಕೆ ಸಂಬಂಧಪಟ್ಟ ಪಾಲನ್ನೂ ಸೇರಿಸಿ ಬರೆದ, ಆ ದ್ರವ್ಯದ ಜಮೆಯ ಬಾಕಿ ಅದು. ಜಮಾಖರ್ಚಿನ ಪುಸ್ತಕದಲ್ಲಿ ನಿನ್ನೆಯ ಬಾಕಿಯಿಂದ ಇಂದಿನ ಬಾಕಿಯನ್ನು ಕಳೆದರೆ ಖರ್ಚು ತಿಳಿಯುವಂತೆ, ಒಂದು ಘಟ್ಟದ ಎಂಥಾಲ್ಪಿಯಿಂದ ಇನ್ನೊಂದು ಘಟ್ಟದ್ದನ್ನು ಕಳೆದರೆ ನಡುವೆ ಒಳಬಂದ ಅಥವಾ ಹೊರಹೋದ ಶಾಖವಾಗಲಿ ಶ್ರಮವಾಗಲಿ ತಿಳಿಯುವುದು. ಈ ಎಂಥಾಲ್ಪಿಯನ್ನು ನಕ್ಷೆಯ ಮೇಲಿಟ್ಟು, ಬಹುಕಷ್ಟದ ಲೆಕ್ಕಗಳನ್ನು ಒಂದು ಗೆರೆಯ ಉದ್ದವನ್ನು ಅಳೆಯುವಷ್ಟು ಸುಲಭಮಾಡಿದವನು ಜರ್ಮನಿಯ ಡ್ರೆಸ್‌ಡೆನ್ ನಗರದ ಪ್ರೊಫೆಸರ್ ರಿಚರ್ಡ್ ಮೋಲಿಯೆ. ಅವನ ನಕ್ಷೆ ೧೯೦೪ರಲ್ಲಿ ಹೊರಬಂದಿತು.

ಪೂರ್ಣ ಕೋಷ್ಟಕದಲ್ಲಿ ಎಂಟ್ರೋಪಿ ಎಂಬ ಇನ್ನೊಂದು ಕಲಂ ಇರುವುದು. ಅದರ ತತ್ತ್ವವು ಗಹನವಾದುದು. ಆದರೆ ಇಲ್ಲಿ ಅದರ ಉಪಯೋಗ ಸರಳ. ಕಂಪ್ರೆಸರು ಯಾವ ನಷ್ಟವೂ ಇಲ್ಲದೆ ಆವಿಯನ್ನು ಒತ್ತಿದರೆ ಎಂಟ್ರೋಪಿಯ ಅಂಕಿಯು ಬದಲಾಗದು. ಹತ್ತು ಡಿಗ್ರಿಯ ಆವಿಗೆ ಆ ಅಂಕಿ ೧.೭೨೨. ಒತ್ತಡವು ೧೩.೧೮ ಬಾರ್ ಆಗಿದ್ದು ಎಂಟ್ರೋಪಿಯೂ ೧.೭೨೨ ಆಗಿರುವ ಸ್ಥಳವನ್ನು ಅತಿಯಾಗಿ ಕಾದ ಆವಿಯ ಕೋಷ್ಟಕದಲ್ಲಿ ಹುಡುಕಿದರೆ, ಎಂಥಾಲ್ಪಿಯು ೪೨೮.೩ ಎಂದೂ ಉಷ್ಣತೆಯು ಸುಮಾರು ೫೪ ಡಿಗ್ರಿಯೆಂದೂ ದೊರೆಯುವುದು. ಇದೇ ಕಂಪ್ರೆಸರಿನಿಂದ ಹೊರಬೀಳುವ ಆವಿಯ ಸ್ಥಿತಿ.

೩. ಕಂಪ್ರೆಸರಿನ ಲೆಕ್ಕ

ಒಳಗಣ ಸುರುಳಿ ೧೦ ಡಿಗ್ರಿಯಲ್ಲಿಯೂ ಹೊರಗಣ ಸುರುಳಿ ೫೦ ಡಿಗ್ರಿಯಲ್ಲಿಯೂ ಇರುವುದೆಂದು ಭಾವಿಸೋಣ. ಸಪೂರ ಕೊಳವೆಯನ್ನು ಹಾದುಹೋಗುವಾಗ ಎಂಥಾಲ್ಪಿಯು ಬದಲಾಗುವುದಿಲ್ಲವಾದ ಕಾರಣ, ಒಳಕ್ಕೆ ಬರುವ ಗ್ಯಾಸಿನ ಬಾಕಿ ೨೭೧.೬. ಅದು ಕುದಿದು ಆವಿಯಾಗಿ ಹೊರಡುವಾಗ ೪೦೪.೩. ಆದುದರಿಂದ ಒಂದು ಕಿಲೋಗ್ರಾಂ ಗ್ಯಾಸು ಕೋಣೆಯಿಂದ ಹೀರಿದ ಶಾಖವು ೧೩೨.೭ ಕಿಲೋಜೂಲ್. ಕಂಪ್ರೆಸರು ಅದಕ್ಕೆ ಹಾಕಿದ ಶ್ರಮವು ೪೨೮.೩ರಿಂದ ೪೦೪.೩ನ್ನು ಕಳೆದ ೨೪.೦ ಕಿಲೋಜೂಲ್. ಒಂದು ಪಾಲು ಶ್ರಮಕ್ಕೆ ಐದೂವರೆ ಪಾಲು ತಂಪು! ಇದರಲ್ಲಿ ಮಾಯವೇನೂ ಇಲ್ಲ; ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲ, ಶಾಖವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹೊರುವುದು ಮಾತ್ರ. ಹೊರಗಣ ಸುರುಳಿಯು ಈ ಎರಡರ ಮೊತ್ತವಾದ ೧೫೬.೭ ಕಿಲೋಜೂಲನ್ನು ಗಾಳಿಗೆ ಬಿಡಬೇಕಾಗುವುದು. ಮುಚ್ಚಿದ ಕೋಣೆಯಲ್ಲಿ ಫ್ರಿಜ್ಜಿನ ಬಾಗಿಲನ್ನು ತೆರೆದಿಟ್ಟರೆ ಕೋಣೆ ತಂಪಾಗದೆ ಬಿಸಿಯೇ ಆಗುವುದು ಏತಕ್ಕೆಂಬುದೂ ಇದರಿಂದ ತಿಳಿಯುವುದು.

ಇನ್ನು ಟನ್ ಎಂಬ ಮಾತು. ಇದು ಯಂತ್ರದ ತೂಕವಲ್ಲ. ಮಂಜುಗಡ್ಡೆಯಿಂದಲೇ ತಂಪುಮಾಡುತ್ತಿದ್ದ ಕಾಲದಲ್ಲಿ, ಎರಡು ಸಾವಿರ ಪೌಂಡು, ಅಂದರೆ ೯೦೭ ಕಿಲೋಗ್ರಾಂ ಮಂಜುಗಡ್ಡೆಯು ಒಂದು ಹಗಲು ಒಂದು ರಾತ್ರಿಯಲ್ಲಿ ಕರಗುವಾಗ ಹೀರುವ ಶಾಖಕ್ಕೆ ಒಂದು ಟನ್ ತಂಪೆಂದು ಹೆಸರಾಯಿತು. ಸೆಕೆಂಡಿಗೆ ಹಂಚಿದರೆ ಅದು ಸುಮಾರು ೩.೫೨ ಕಿಲೋಜೂಲ್. ಇದನ್ನು ೧೩೨.೭ರಿಂದ ಭಾಗಿಸಿದರೆ, ಒಂದು ಟನ್ನಿಗೆ ಸೆಕೆಂಡಿಗೆ ೨೬.೫ ಗ್ರಾಂ ಗ್ಯಾಸು ಸುತ್ತಬೇಕೆಂದಾಯಿತು. ಹತ್ತು ಡಿಗ್ರಿಯಲ್ಲಿ ಒಂದು ಕಿಲೋಗ್ರಾಂ ಆವಿಯು ೪೯.೪ ಲೀಟರು ಹಿಡಿಯುವುದರಿಂದ, ಕಂಪ್ರೆಸರು ಸೆಕೆಂಡಿಗೆ ೧.೩೧ ಲೀಟರು ಆವಿಯನ್ನು ಎಳೆದುಕೊಳ್ಳಬೇಕು. ಅದು ನಿಮಿಷಕ್ಕೆ ೨೯೦೦ ಸುತ್ತು ತಿರುಗುವುದಾದರೆ ಸುತ್ತಿಗೆ ೨೭ ಘನ ಸೆಂಟಿಮೀಟರು. ಎರಡು ದೊಡ್ಡ ಚಮಚದಷ್ಟೂ ಇಲ್ಲ. ನಿಜವಾದ ಯಂತ್ರದಲ್ಲಿ ಸಿಲಿಂಡರು ಪೂರ್ಣವಾಗಿ ತುಂಬದ ಕಾರಣ ಸ್ವಲ್ಪ ದೊಡ್ಡದಾಗಿ ಮಾಡುವರು. ೨೬.೫ ಗ್ರಾಮಿಗೆ ತಗಲುವ ಶ್ರಮವು ಸುಮಾರು ೬೩೫ ವ್ಯಾಟು. ಕಂಪ್ರೆಸರಿನ ಮತ್ತು ಅದರ ಮೋಟಾರಿನ ನಷ್ಟಗಳಿಂದಾಗಿ ನೂರಕ್ಕೆ ಎಪ್ಪತ್ತು ಪಾಲು ಮಾತ್ರ ಫಲಿಸುವುದೆಂದು ಇಟ್ಟುಕೊಂಡರೆ, ಮೀಟರಿನಲ್ಲಿ ಕಾಣುವುದು ೯೦೦ ವ್ಯಾಟಿಗೆ ಸ್ವಲ್ಪ ಮೇಲೆ. ಒಂದು ಯಂತ್ರದ ಗಾತ್ರವೂ ಅದರ ಹಸಿವೂ ಇಷ್ಟರಲ್ಲಿ ಗೊತ್ತಾದುವು.

೪. ಒಂದೊಂದು ಡಿಗ್ರಿಯ ಬೆಲೆ

ಈಗ ಗೃಹಸ್ಥನ ಪಾಲಿಗೆ ಮುಖ್ಯವಾದ ಮಾತಿಗೆ ಬರುವೆವು. ಹೊರಗಣ ಸುರುಳಿಯು ೫೦ಕ್ಕೆ ಬದಲಾಗಿ ೪೦ ಡಿಗ್ರಿಯಲ್ಲಿದ್ದರೆ ಏನಾಗುವುದು? ಒಳಕ್ಕೆ ಬರುವ ಗ್ಯಾಸಿನ ಬಾಕಿ ೨೫೬.೪ಕ್ಕೆ ಇಳಿಯುವುದು, ಕಿಲೋಗ್ರಾಮಿಗೆ ದೊರೆಯುವ ತಂಪು ೧೪೭.೯ಕ್ಕೆ ಏರುವುದು. ಒತ್ತುವ ಶ್ರಮವೋ ೨೪.೦ರಿಂದ ೧೮.೬ಕ್ಕೆ ಇಳಿಯುವುದು. ಅದೇ ಒಂದು ಟನ್ ತಂಪಿಗೆ ಈಗ ಬೇಕಾದುದು ೬೩೫ ವ್ಯಾಟಲ್ಲ, ಸುಮಾರು ೪೪೦ ವ್ಯಾಟು. ಇದನ್ನೇ ತಿರುಗಿಸಿ ಹೇಳುವುದಾದರೆ, ಹೊರಗಣ ಸುರುಳಿಯನ್ನು ಹತ್ತು ಡಿಗ್ರಿ ಹೆಚ್ಚು ಬಿಸಿಯಾಗಗೊಟ್ಟರೆ ಅದೇ ತಂಪಿಗೆ ಶೇಕಡ ೪೪ರಷ್ಟು ಹೆಚ್ಚು ಶ್ರಮವನ್ನು ತೆರಬೇಕು. ಯಂತ್ರವು ದಿನಕ್ಕೆ ಎಂಟು ಗಂಟೆ ಪೂರ್ಣವಾಗಿ ದುಡಿಯುವುದೆಂದು ಎಣಿಸಿ, ಮೇಲೆ ಹೇಳಿದ ನಷ್ಟಗಳನ್ನೂ ಸೇರಿಸಿದರೆ, ತಿಂಗಳಿಗೆ ಅರುವತ್ತೈದು ಯೂನಿಟ್ಟುಗಳಿಗೂ ಮೇಲ್ಪಟ್ಟ ವ್ಯತ್ಯಾಸವಾಗುವುದು.

ಹೊರಗಣ ಸುರುಳಿಯ ಉಷ್ಣತೆಯು ಊರಿನ ಹವೆಯನ್ನು ಅನುಸರಿಸಿರುವುದು. ಶಾಖವು ಗಾಳಿಗೆ ಹೋಗಬೇಕಾದರೆ ಸುರುಳಿಯು ಗಾಳಿಗಿಂತ ಹತ್ತು ಹನ್ನೆರಡು ಡಿಗ್ರಿಯಾದರೂ ಬಿಸಿಯಾಗಿರಬೇಕು. ಬೆಂಗಳೂರಿನಲ್ಲಿ ಹವೆಯು ಮೂವತ್ತರ ಒಳಗಿರುವ ದಿನ ಅದು ನಾಲ್ವತ್ತಕ್ಕೆ ಸಮೀಪವಿದ್ದೀತು. ಏಪ್ರಿಲ್ ಮೇ ತಿಂಗಳುಗಳಲ್ಲಿ ನಾಲ್ವತ್ತು ಡಿಗ್ರಿಯನ್ನು ದಾಟುವ ರಾಯಚೂರು ಕಲಬುರಗಿಗಳಲ್ಲಿ ಐವತ್ತನ್ನು ಮೀರುವುದು ನಿಶ್ಚಯ. ಊರಿನ ಹವೆಯನ್ನು ನಾವು ಬದಲಿಸಲಾರೆವು. ಆದರೆ ಅದರ ಮೇಲೆ ನಮ್ಮ ಅಜಾಗರೂಕತೆಯನ್ನು ಹೇರದೆ ಇರಬಹುದು. ಹೊರಗಣ ಪೆಟ್ಟಿಗೆಯನ್ನು ಕಿರಿದಾದ ಗೂಡಿನಲ್ಲಿ ಸಿಕ್ಕಿಸಿ ಅಂದಕ್ಕಾಗಿ ಹಲಗೆ ಹೊಡೆಸುವುದು, ಒಂದರ ಬಿಸಿಯುಸಿರು ಇನ್ನೊಂದರ ಮುಖಕ್ಕೆ ತಗಲುವಂತೆ ಎರಡು ಪೆಟ್ಟಿಗೆಗಳನ್ನು ಎದುರುಬದುರಾಗಿ ಇಡುವುದು, ರೆಕ್ಕೆಗಳಲ್ಲಿ ಧೂಳು ಕಟ್ಟಗೊಡುವುದು, ಇವೆಲ್ಲವೂ ಬೆಂಗಳೂರಿನ ಮನೆಯಲ್ಲಿ ರಾಯಚೂರಿನ ಬಿಸಿಲನ್ನು ಹಣಕೊಟ್ಟು ತರಿಸಿದಂತೆ.

ಒಳಗಡೆಯೂ ಹೀಗೆಯೇ. ಒಳಗಣ ಸುರುಳಿ ಹತ್ತು ಡಿಗ್ರಿಯಿಂದ ಸೊನ್ನೆಗೆ ಇಳಿಯಿತೆನ್ನೋಣ. ಗಾಳಿಯ ಜಾಲರಿ ಧೂಳಿನಿಂದ ಮುಚ್ಚಿದಾಗಲೂ, ಕೋಣೆಯನ್ನು ಅಗತ್ಯಕ್ಕಿಂತ ತಣ್ಣಗೆ ಮಾಡಹೊರಟಾಗಲೂ ಸುರುಳಿಯ ಉಷ್ಣತೆ ಇಳಿಯುವುದು. ಆಗ ಕಿಲೋಗ್ರಾಮಿಗೆ ದೊರೆಯುವ ತಂಪು ೧೩೨.೭ರಿಂದ ೧೨೭.೦ಕ್ಕೆ ಮಾತ್ರ ಇಳಿಯುವುದು, ಇದು ಅಲ್ಪ. ಆದರೆ ಗಾತ್ರದ ಕಲಂ ನೋಡಿರಿ: ೪೯.೪ ಇದ್ದುದು ೬೯.೩ ಆಯಿತು. ಆವಿಯು ವಿರಳವಾಯಿತೆಂದು ಅರ್ಥ. ಕಂಪ್ರೆಸರು ಒಂದೊಂದು ಸುತ್ತಿಗೆ ಎಳೆಯುವ ಗಾತ್ರವು ನಿಯತವಾದುದರಿಂದ, ಸೆಕೆಂಡಿಗೆ ೨೬.೫ ಗ್ರಾಮಿಗೆ ಬದಲಾಗಿ ೧೮.೯ ಗ್ರಾಂ ಮಾತ್ರ ಸುತ್ತುವುದು. ಒಂದು ಟನ್ನಿನ ಯಂತ್ರವು ಮುಕ್ಕಾಲು ಟನ್ನಿಗೂ ಕಡಮೆಯಾಗಿ, ಮೂರರಲ್ಲಿ ಎರಡು ಪಾಲಿನಷ್ಟು ತಂಪನ್ನು ಕೊಡುವುದು. ಕಿಲೋಗ್ರಾಮಿನ ಶ್ರಮವು ೩೧.೩ಕ್ಕೆ ಏರಿರುವುದರಿಂದ ವಿದ್ಯುತ್ತಿನ ಖರ್ಚು ಮಾತ್ರ ಹೆಚ್ಚುಕಡಮೆ ಹಿಂದಿನಷ್ಟೇ. ಇನ್ವರ್ಟರ್ ಎಂಬ ಹೊಸ ಬಗೆಯ ಯಂತ್ರವಾದರೆ ವೇಗವನ್ನು ಹೆಚ್ಚಿಸಿಕೊಂಡು ಒಂದು ಟನ್ನನ್ನು ಪೂರೈಸಲು ಯತ್ನಿಸುವುದು. ಆಗ ಶ್ರಮವು ಶೇಕಡ ೩೭ರಷ್ಟು ಹೆಚ್ಚುವುದು.

ಹದಿನೆಂಟಕ್ಕೆ ತಿರುಗಿಸಿದರೆ ಬೇಗ ತಂಪಾಗುವುದೆಂಬ ನಂಬಿಕೆಯ ಬೆಲೆ ಇದು. ಭಾರತದ ಇಂಧನ ದಕ್ಷತಾ ಬ್ಯೂರೋ, ಅಂದರೆ ಏ.ಸಿ.ಗಳ ಮೇಲೆ ನಕ್ಷತ್ರದ ಚೀಟಿಯನ್ನು ಹಚ್ಚಿಸುವ ಸಂಸ್ಥೆಯು, ೨೦೨೦ನೆಯ ಇಸವಿ ಜನವರಿ ೧ರಿಂದ ಮನೆಯ ಏ.ಸಿ.ಗಳು ಮೊದಲು ಹಚ್ಚಿದಾಗ ೨೪ ಡಿಗ್ರಿಯಲ್ಲಿಯೇ ನಿಂತಿರಬೇಕೆಂದು ವಿಧಿಸಿತು. ಈ ವಿಧಿಯ ಹಿಂದಿರುವ ಯುಕ್ತಿಯು ಮೇಲಿನ ಎರಡು ಸಾಲುಗಳಲ್ಲಿ ಸ್ಪಷ್ಟವಾಗಿ ಕಾಣುವುದು. ಬೇರೆ ಗ್ಯಾಸುಗಳಿಗೆ ಅಂಕಿಗಳು ಬೇರೆಯಾಗುವುವು. ಏರಿಳಿತದ ದಿಕ್ಕು ಮಾತ್ರ ಬೇರೆಯಾಗದು.

೫. ಓದುವವರು ಎಡವುವ ಸ್ಥಳಗಳು

ಈ ಕೋಷ್ಟಕಗಳನ್ನು ಬಳಸುವ ವಿದ್ಯಾರ್ಥಿಗಳು ಮನೆಮನೆಗಳಲ್ಲಿಯೂ ಇರುವುದರಿಂದ, ಎರಡು ಎಚ್ಚರಿಕೆಗಳನ್ನು ಹೇಳುವುದು ಯುಕ್ತ. ಮೊದಲನೆಯದು ಸೊನ್ನೆಯ ವಿಚಾರ. ಎಂಥಾಲ್ಪಿಗೆ ಪ್ರಕೃತಿಯು ಗೊತ್ತುಮಾಡಿದ ಸೊನ್ನೆಯೆಂಬುದಿಲ್ಲ. ಕೋಷ್ಟಕವನ್ನು ಕಟ್ಟಿದವರು ತಮಗೆ ಅನುಕೂಲವಾದ ಕಡೆ ಸೊನ್ನೆಯನ್ನಿಟ್ಟುಕೊಂಡಿರುವರು. ನಾವು ಮೇಲೆ ಕೊಟ್ಟ ಅಂಕಿಗಳಲ್ಲಿ ಸೊನ್ನೆ ಡಿಗ್ರಿಯ ದ್ರವಕ್ಕೆ ೨೦೦ ಎಂಬ ಬೆಲೆಯನ್ನು ಕಟ್ಟಿದೆ. ಅಮೇರಿಕದಲ್ಲಿ ಹುಟ್ಟಿದ ಹಲವು ಪುಸ್ತಕಗಳಲ್ಲಿ, ಸೊನ್ನೆಯ ಕೆಳಗೆ ೪೦ ಡಿಗ್ರಿಯ ದ್ರವಕ್ಕೆ ಸೊನ್ನೆಯ ಬೆಲೆಯನ್ನು ಕಟ್ಟಿರುವರು. ಹೀಗಾಗಿ ೪೦ ಡಿಗ್ರಿಯ ದ್ರವದ ಅಂಕಿಯು ಒಂದರಲ್ಲಿ ೨೫೬, ಇನ್ನೊಂದರಲ್ಲಿ ೧೦೮. ಎರಡೂ ಸರಿಯೇ; ಅಂತರವನ್ನು ಕಳೆಯುವಾಗ ಎರಡರಿಂದಲೂ ಒಂದೇ ಉತ್ತರ. ಆದರೆ ಆವಿಯ ೪೦೪ನ್ನು ಒಂದು ಪುಸ್ತಕದಿಂದಲೂ ದ್ರವದ ೧೦೮ನ್ನು ಇನ್ನೊಂದು ಪುಸ್ತಕದಿಂದಲೂ ತೆಗೆದರೆ ತಂಪು ೨೯೬ ಎಂದು ಬರುವುದು. ಅದು ನಿಜದ ಎರಡರಷ್ಟು! ಆ ಲೆಕ್ಕವನ್ನು ನಂಬಿ ಆರಿಸಿದ ಕಂಪ್ರೆಸರು ಬೇಕಾದುದರ ಅರ್ಧವಾಗುವುದು. ಇಬ್ಬರು ಅಂಗಡಿಯವರ ಪುಸ್ತಕಗಳನ್ನು ಬೆರಸಿ ಬಾಕಿ ತೆಗೆಯಬಾರದೆಂಬ ವಿವೇಕವು ಇಲ್ಲಿಗೂ ಸಲ್ಲುವುದು.

ಎರಡನೆಯದು ಒತ್ತಡದ ವಿಚಾರ. ಕೋಷ್ಟಕವು ಪೂರ್ಣ ಒತ್ತಡವನ್ನು ಹೇಳುವುದು. ರಿಪೇರಿಯವನ ಕೈಯಲ್ಲಿರುವ ಮಾಪಕವೋ, ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚೆಂಬುದನ್ನು ಮಾತ್ರ ತೋರಿಸುವುದು. ಹತ್ತು ಡಿಗ್ರಿಯಲ್ಲಿ ಕುದಿಯುವ ಆರ್-೧೩೪ಎ ಗ್ಯಾಸಿನ ಒತ್ತಡವು ಕೋಷ್ಟಕದಲ್ಲಿ ೪.೧೫, ಮಂಗಳೂರಿನಲ್ಲಿ ಮಾಪಕವು ತೋರುವುದು ೩.೧೪. ಗಾಳಿಯ ಪಾಲನ್ನು ಕೂಡಿಸುವುದನ್ನು ಮರೆತು ೩.೧೪ನ್ನೇ ಕೋಷ್ಟಕದಲ್ಲಿ ಹುಡುಕಿದರೆ ಸುರುಳಿಯು ೨ ಡಿಗ್ರಿಯಲ್ಲಿದೆಯೆಂಬ ತಪ್ಪು ನಿರ್ಣಯಕ್ಕೆ ಬರುವೆವು. ಸಮುದ್ರಕ್ಕಿಂತ ಸುಮಾರು ೯೦೦ ಮೀಟರು ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಪಾಲು ೧ ಬಾರ್ ಅಲ್ಲ, ೦.೯ರ ಸುಮಾರಿನದು, ಅಷ್ಟನ್ನೇ ಅಲ್ಲಿ ಕೂಡಿಸತಕ್ಕದ್ದು.

೬. ಗ್ಯಾಸು ಮುಗಿಯುವ ವಸ್ತುವಲ್ಲ

ನಾಲ್ಕು ಘಟ್ಟಗಳ ಲೆಕ್ಕವನ್ನು ಇನ್ನೊಮ್ಮೆ ನೋಡಿರಿ. ಗ್ಯಾಸಿನ ಬಾಕಿಯು ೨೭೧.೬ರಿಂದ ಹೊರಟು, ೪೦೪.೩ಕ್ಕೂ ೪೨೮.೩ಕ್ಕೂ ಏರಿ, ಮತ್ತೆ ೨೭೧.೬ಕ್ಕೆ ಬಂದು ನಿಂತಿತು. ಒಂದು ಸುತ್ತಿನ ಕೊನೆಗೆ ಅದು ಹೊರಟಲ್ಲಿಗೇ ಬಂದು ಸೇರಿತು; ಒಂದು ತೊಟ್ಟೂ ಖರ್ಚಾಗಲಿಲ್ಲ. ಒಲೆಯ ಗ್ಯಾಸು ಉರಿದು ಮುಗಿಯುವುದು, ಏ.ಸಿ.ಯ ಗ್ಯಾಸು ಸುತ್ತುವುದೇ ಹೊರತು ಮುಗಿಯದು. ಆದಕಾರಣ ಮನೆಯ ಏ.ಸಿ.ಯಲ್ಲಿ ಅದು ಕಡಮೆಯಾಗಿದ್ದರೆ ಎಲ್ಲಿಯೋ ಸೋರುತ್ತಿದೆಯೆಂದೇ ಅರ್ಥ. ಸೋರುವ ಸ್ಥಳವನ್ನು ಹುಡುಕಿ ಬೆಸೆಯದೆ ವರ್ಷವರ್ಷವೂ ತುಂಬಿಸುವುದು ತೂತುಬಿದ್ದ ಕೊಡಕ್ಕೆ ನೀರು ಹೊತ್ತಂತೆ. “ಗ್ಯಾಸು ಕಡಮೆಯಿದೆ” ಎಂದು ಹೇಳಿದವರನ್ನು “ಎಲ್ಲಿ ಸೋರುತ್ತಿದೆ, ತೋರಿಸಿ” ಎಂದು ಕೇಳುವ ಹಕ್ಕು ಯಜಮಾನನಿಗೂ ಯಜಮಾನಿತಿಗೂ ಇದೆ.

ತುಂಬುವಾಗಲೂ ಯಂತ್ರದ ಮೇಲಣ ತಗಡಿನಲ್ಲಿ ಬರೆದ ಸಂಖ್ಯೆಯ ಗ್ಯಾಸನ್ನೇ, ಅಲ್ಲಿ ಹೇಳಿದ ಗ್ರಾಮುಗಳಷ್ಟೇ, ತಕ್ಕಡಿಯಲ್ಲಿ ತೂಗಿ ತುಂಬತಕ್ಕದ್ದು. ಒಂದಕ್ಕೆ ಬದಲಾಗಿ ಇನ್ನೊಂದನ್ನು ಹಾಕಿದರೆ ಆಗುವ ಅನರ್ಥವನ್ನು ಕೋಷ್ಟಕವೇ ಹೇಳುವುದು. ೪೦ ಡಿಗ್ರಿಯಲ್ಲಿ ಆರ್-೧೩೪ಎ ಗ್ಯಾಸಿನ ಒತ್ತಡವು ೧೦.೨ ಬಾರ್, ಆರ್-೨೯೦ಕ್ಕೆ ೧೩.೭, ಹಳೆಯ ಏ.ಸಿ.ಗಳ ಆರ್-೨೨ಕ್ಕೆ ೧೫.೩, ಆರ್-೪೧೦ಎಗೆ ೨೪.೨, ಹೊಸ ಏ.ಸಿ.ಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಆರ್-೩೨ಕ್ಕೆ ೨೪.೮. ಹದಿನೈದು ಬಾರಿಗೆಂದು ಮಾಡಿದ ಯಂತ್ರದಲ್ಲಿ ಇಪ್ಪತ್ತೈದು ಬಾರಿನ ಗ್ಯಾಸನ್ನು ತುಂಬುವುದು ಎಂತಹ ಸಾಹಸವೆಂಬುದನ್ನು ವಿವರಿಸಬೇಕಾಗಿಲ್ಲ. ಇದಲ್ಲದೆ ಆರ್-೨೯೦ ಎಂಬುದು ಪ್ರೋಪೇನ್. ನಮ್ಮ ಒಲೆಯ ಸಿಲಿಂಡರಿನಲ್ಲಿರುವ ಮಿಶ್ರಣದ ಒಂದು ಅಂಶವೇ ಅದು, ಸುಲಭವಾಗಿ ಹತ್ತಿಕೊಳ್ಳುವುದು. ಆರ್-೩೨ ಕೂಡ ಮಂದವಾಗಿ ಉರಿಯುವ ಗುಣವುಳ್ಳದ್ದು. ಅವಕ್ಕೆಂದೇ ಮಾಡಿದ ಯಂತ್ರಗಳಲ್ಲಿ, ಬಲ್ಲವರ ಕೈಯಲ್ಲಿ, ಅವುಗಳಿಂದ ಭಯವಿಲ್ಲ. ಸೋರುವ ಕೊಳವೆಯ ಬಳಿ ಬೆಂಕಿಯಿಟ್ಟು ಬೆಸೆಯಹೊರಡುವ ಅರೆತಿಳಿವಳಿಕೆಯವನ ಕೈಯಲ್ಲಿ ಪ್ರಾಣಕ್ಕೇ ಅಪಾಯ.

ಸೋರಿದ ಗ್ಯಾಸು ಹಣವನ್ನು ಮಾತ್ರ ಒಯ್ಯುವುದಿಲ್ಲ. ಅಮೇರಿಕದ ಥಾಮಸ್ ಮಿಜ್ಲಿ ಮತ್ತು ಅವನ ಸಂಗಡಿಗರು ೧೯೨೮ರಿಂದೀಚೆಗೆ ಕಂಡುಹಿಡಿದ, ವಿಷವಲ್ಲದ, ಉರಿಯದ ಗ್ಯಾಸುಗಳನ್ನು ಲೋಕವು ವರವೆಂದು ಕೊಂಡಾಡಿತು. ಅವು ಮೇಲಣ ಆಕಾಶದ ಓಜೋನ್ ಪದರವನ್ನು ತಿನ್ನುವುವೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು ೧೯೭೪ರಲ್ಲಿ ಎಚ್ಚರಿಸಿದರು. ೧೯೮೭ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಕೂಡಿ ಅವುಗಳನ್ನು ತ್ಯಜಿಸಲು ಒಪ್ಪಿಕೊಂಡುವು. ಬದಲಿಗೆ ಬಂದ ಆರ್-೧೩೪ಎ ಓಜೋನಿಗೆ ಹಾನಿಮಾಡದಿದ್ದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಬಲಿಷ್ಠ. ನೂರು ವರ್ಷಗಳ ಎಣಿಕೆಯಲ್ಲಿ, ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗಿಂತ ಒಂದು ಕಿಲೋಗ್ರಾಂ ಆರ್-೧೩೪ಎ ಸುಮಾರು ೧೪೩೦ ಮಡಿಯೂ, ಆರ್-೨೨ ೧೮೧೦ ಮಡಿಯೂ, ಆರ್-೩೨ ೬೭೫ ಮಡಿಯೂ ಹೆಚ್ಚು ಬಿಸಿಯನ್ನುಂಟುಮಾಡುವುದೆಂದು ಗಣಿಸಿರುವರು. ಇವನ್ನೂ ಕ್ರಮೇಣ ಕಡಮೆ ಮಾಡಬೇಕೆಂಬ ಒಪ್ಪಂದವು ೨೦೧೬ರಲ್ಲಿ ಆಫ್ರಿಕದ ಕಿಗಾಲಿ ನಗರದಲ್ಲಿ ಆಯಿತು. ನಮ್ಮ ದೇಶವು ೨೦೨೧ರಲ್ಲಿ ಅದನ್ನು ಅಂಗೀಕರಿಸಿತು. ನಮ್ಮ ಮನೆಯ ಸೆಕೆಯನ್ನು ಕಳೆಯಹೋಗಿ ಮುಂದಿನವರ ಬೇಸಗೆಯನ್ನು ಕಡುಮಾಡುವುದು ಯಾವ ಗೃಹಸ್ಥನಿಗೂ ಒಪ್ಪಿಗೆಯಾಗದು. ಒಂದು ಸೋರಿಕೆಯನ್ನು ಮುಚ್ಚಿಸಿದವನು ತನ್ನ ಗಂಟನ್ನೂ ಉಳಿಸಿಕೊಂಡನು, ಮೊಮ್ಮಕ್ಕಳ ಆಕಾಶವನ್ನೂ ಉಳಿಸಿದನು.

ತಂಪೆಂಬುದು ಬಿಟ್ಟಿಯಾಗಿ ಬರತಕ್ಕದ್ದಲ್ಲ. ಒಂದೊಂದು ಡಿಗ್ರಿಗೂ ಬೆಲೆಯುಂಟು. ಆ ಬೆಲೆಯು ಅಂಗಡಿಯವನ ಬಾಯಿಮಾತಿನಲ್ಲಿಲ್ಲ, ಕೋಷ್ಟಕದಲ್ಲಿ ಅಚ್ಚಾಗಿದೆ. ಒಳಗಣ ಸುರುಳಿಯನ್ನು ಬೇಕಾದುದಕ್ಕಿಂತ ತಣ್ಣಗಾಗಗೊಡಬೇಡಿರಿ, ಹೊರಗಣ ಸುರುಳಿ ಬಿಸಿಯಾಗದಂತೆ ಅದಕ್ಕೆ ಗಾಳಿಯನ್ನು ಕೊಡಿರಿ, ಗ್ಯಾಸನ್ನು ಸೋರಗೊಡಬೇಡಿರಿ. ಆ ಕೋಷ್ಟಕವೆಲ್ಲವೂ ಗೃಹಸ್ಥನಿಗೆ ಹೇಳುವುದು ಈ ಮೂರೇ ಮಾತುಗಳನ್ನು. ಇಷ್ಟನ್ನು ನಡೆಸಿದ ಮನೆಯಲ್ಲಿ ಬೇಸಗೆಯ ಬಿಲ್ಲು ಬಂದಾಗ ಎದೆಗುಂದಬೇಕಾದ ಪ್ರಸಂಗವು ವಿರಳವಾಗುವುದರಲ್ಲಿ ಸಂದೇಹವಿಲ್ಲ.